ಐದೂವರೆ ವರ್ಷದ ಸಿ.ಪಿ. ಮಗಳಿಗೆ ಸ್ಟ್ರಾಲರ್ ತಗೋಬೇಕು, ಏನು ನೋಡಿ ತಗೊಳ್ಳಲಿ?

ದುರ್ಗದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಚಿತ್ರದುರ್ಗದವರು. ಮಗಳಿಗೆ ಐದೂವರೆ ವರ್ಷ, ತೂಕ 15 ಕೆ.ಜಿ. ಸೆರೆಬ್ರಲ್ ಪಾಲ್ಸಿ (ಸಿ.ಪಿ.), ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ, ಎರಡೂ ಕೈ ಎರಡೂ ಕಾಲು ಬಿಗಿ. ಕುತ್ತಿಗೆ ಪೂರ್ತಿ ನಿಂತಿಲ್ಲ. ಸರಿಯಾಗಿ ಕೂರಿಸಿದರೆ ಹತ್ತು ನಿಮಿಷ ತಲೆ ಎತ್ತಿಕೊಂಡು ಸುತ್ತಲೂ ನೋಡುತ್ತಾಳೆ, ಸುಸ್ತಾದರೆ ಎಡಕ್ಕೆ ವಾಲುತ್ತದೆ. ತಾನಾಗಿ ಕೂರುವುದಿಲ್ಲ. ಮಾತು ಬಂದಿಲ್ಲ, ಆದರೆ ಬೇಕು ಬೇಡ ಎಲ್ಲ ಕಣ್ಣಲ್ಲೇ ಹೇಳುತ್ತಾಳೆ.

ಇಲ್ಲಿಯವರೆಗೆ ಮಾಮೂಲಿ ಮಕ್ಕಳ ಸ್ಟ್ರಾಲರ್‌ನಲ್ಲೇ ಓಡಾಡಿಸಿದೆವು. ಅದರ ಮೇಲೆ 15 ಕೆ.ಜಿ.ವರೆಗೆ ಅಂತ ಬರೆದಿದೆ, ಈಗ ಅಷ್ಟೇ ಆಗಿದ್ದಾಳೆ. ತೂಕಕ್ಕಿಂತ ದೊಡ್ಡ ಕಷ್ಟ ಜಾರುವುದು. ಕೂರಿಸಿ ಹತ್ತು ಹೆಜ್ಜೆ ತಳ್ಳುವಷ್ಟರಲ್ಲಿ ಕಾಲೆರಡೂ ಕತ್ತರಿಯಾಗಿ ಸೆಟೆದು, ಸೊಂಟ ಮುಂದಕ್ಕೆ ಬಂದು, ಫ್ರಾಕಿನ ಕಾಲರ್ ಗಲ್ಲಕ್ಕೆ ಹತ್ತಿಬಿಡುತ್ತದೆ. ನಿಂತು, ಕಂಕುಳಿಗೆ ಕೈ ಹಾಕಿ ಮೇಲೆಳೆದು, ಮತ್ತೆ ಹತ್ತು ಹೆಜ್ಜೆ. ಮೊನ್ನೆ ಸಂತೆ ಹೊಂಡದ ಹತ್ತಿರದಿಂದ ಮನೆಗೆ ಬರುವಷ್ಟರಲ್ಲಿ ಎಷ್ಟು ಸಲ ಎಳೆದೆನೋ ಲೆಕ್ಕ ಇಲ್ಲ. ಮನೆಗೆ ಬಂದು ಬಟ್ಟೆ ಬಿಚ್ಚಿದರೆ ಹೊಟ್ಟೆಯ ಮೇಲೆ ಬೆಲ್ಟಿನ ಗುರುತು ಕೆಂಪಗೆ ಮೂಡಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೋನಿನಲ್ಲಿ ಹುಡುಕಿದರೆ ತಲೆ ಕೆಡುತ್ತದೆ. ಒಂದು ಕಡೆ 18 ಸಾವಿರಕ್ಕೆ ಸಿ.ಪಿ. ವೀಲ್‌ಚೇರ್ ಅಂತ ಇದೆ, ಪೂರ್ತಿ ಮಲಗಿಸಬಹುದು ಅಂತ ಚಿತ್ರ ಹಾಕಿದ್ದಾರೆ. ಹೊರದೇಶದ್ದು ಕೇಳಿದರೆ ಲಕ್ಷದ ಮೇಲೆ. ಬೆಂಗಳೂರಿನಲ್ಲಿ ಒಬ್ಬರು ತಮ್ಮ ಮಗ ಬಳಸಿದ್ದನ್ನು 40 ಸಾವಿರಕ್ಕೆ ಕೊಡುತ್ತೇವೆ ಅಂದಿದ್ದಾರೆ, ಫೋಟೋದಲ್ಲಿ ತುಂಬಾ ಚೆನ್ನಾಗಿದೆ. ನಮ್ಮ ಕೈಯಲ್ಲಿರುವುದು 35 ಸಾವಿರ, ಚೀಟಿ ಎತ್ತಿದರೆ ಇನ್ನೊಂದಿಷ್ಟು ಸೇರಬಹುದು.

ಮನೆ ಮೊದಲ ಮಹಡಿ, ಲಿಫ್ಟ್ ಇಲ್ಲ. ಓಡಾಟ ಆಟೋ, ಇಲ್ಲದಿದ್ದರೆ ಬಸ್ಸು. ವಾರಕ್ಕೆ ಮೂರು ದಿನ ಥೆರಪಿ, ಜೂನ್‌ನಿಂದ ಶಾಲೆಗೂ ಕಳಿಸಬೇಕು ಅಂತ ಆಸೆ. ಅತ್ತೆ ಮಾತ್ರ, ಈಗಲೇ ಗಾಲಿ ಕುರ್ಚಿ ಯಾಕೆ, ಅದಕ್ಕೆ ಒಗ್ಗಿಕೊಂಡರೆ ಮಗು ನಡೆಯುವುದೇ ಇಲ್ಲ ಅನ್ನುತ್ತಾರೆ. ಅವರು ಕೆಟ್ಟದ್ದಕ್ಕೆ ಹೇಳುವುದಿಲ್ಲ, ಇವತ್ತಿಗೂ ಅವಳನ್ನು ಜಾಸ್ತಿ ಎತ್ತಿಕೊಂಡು ಓಡಾಡುವುದು ಅವರೇ. ಆದರೆ ಅವರಿಗೂ 60 ದಾಟಿತು, ನನಗೆ ಬೆನ್ನು ಹಿಡಿದುಕೊಂಡಿದೆ. ಅನುಭವ ಇರುವವರು ದಯವಿಟ್ಟು ಹೇಳಿ, ಏನು ನೋಡಿ ತಗೊಳ್ಳಲಿ?

ಕುಕ್ಕರಹಳ್ಳಿ ಅಪ್ಪ, ಮೈಸೂರು

ಮೇಡಂ, ಆ ಪೂರ್ತಿ ಮಲಗಿಸುವ ಕುರ್ಚಿಯನ್ನು ಫೋಟೋ ನೋಡಿ ಆರ್ಡರ್ ಮಾಡಬೇಡಿ. ನಾವು ಅದನ್ನೇ ಮಾಡಿದ್ದೆವು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಈಗ ಒಂಬತ್ತು ವರ್ಷ, ಅವನದೂ ನಿಮ್ಮ ಮಗಳ ಹಾಗೇ, ಕೈಕಾಲು ಬಿಗಿ. ಐದು ವರ್ಷ ಇದ್ದಾಗ ಆನ್‌ಲೈನ್‌ನಲ್ಲಿ ತರಿಸಿದ ಕುರ್ಚಿ. ನೋಡಲು ಬಹಳ ಚಂದ, ಕಾಲು ಎತ್ತಬಹುದು, ಬೆನ್ನು ಇಳಿಸಬಹುದು, ಮೇಲೆ ನೆರಳು ಬೇರೆ. ಮಧ್ಯಾಹ್ನ ಸ್ವಲ್ಪ ಮಲಗಲಿ ಅಂತ ಬೆನ್ನು ಇಳಿಸಿದರೆ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತಿದ್ದ. ಮತ್ತೆ ಬೆನ್ನು ಎತ್ತಿದರೆ ಕುರ್ಚಿ ಮೇಲೆ ಬರುತ್ತಿತ್ತು, ಮಗು ಬರುತ್ತಿರಲಿಲ್ಲ. ಅಂಗಿ ಬೆನ್ನಲ್ಲಿ ಸುರುಳಿ ಸುತ್ತಿಕೊಂಡು, ಸೊಂಟ ಸೀಟಿನ ತುದಿಗೆ ಬಂದು, ಗಲ್ಲ ಎದೆಗೆ ಒತ್ತಿಕೊಂಡು ಕೂರುತ್ತಿದ್ದ. ಉಸಿರು ಸರಿಯಾಗಿ ಬರದೆ ಮುಖ ಕೆಂಪಾಗುತ್ತಿತ್ತು. ಹಠ ಮಾಡುತ್ತಾನೆ ಅಂದುಕೊಂಡು ನಾನು ಗದರಿದ್ದೂ ಉಂಟು, ಅದು ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಸೀಟು ಬಟ್ಟೆಯದು, ಕೆಳಗೆ ಹಲಗೆ ಇಲ್ಲ. ಆರು ತಿಂಗಳಲ್ಲಿ ಜೋಳಿಗೆ ಹಾಗೆ ಜೋತುಬಿತ್ತು. ಜೋಳಿಗೆಯಲ್ಲಿ ಕೂತರೆ ಎರಡೂ ಮೊಣಕಾಲು ತಾವಾಗೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಲ್ವಾ? ಏಳನೇ ವರ್ಷಕ್ಕೆ ಎಕ್ಸ್‌ರೇ ತೆಗೆದಾಗ ಬಲಗಡೆ ಸೊಂಟದ ಕೀಲು ಅರ್ಧ ಜಾರಿತ್ತು. ಕುರ್ಚಿಯಿಂದಲೇ ಹೀಗಾಯಿತು ಅಂತ ಡಾಕ್ಟರ್ ಹೇಳಲಿಲ್ಲ. ನಡೆಯದ, ಬಿಗಿ ಜಾಸ್ತಿ ಇರುವ ಮಕ್ಕಳಲ್ಲಿ ಅದು ಆಗುವುದೇ ಹೆಚ್ಚು, ಅದಕ್ಕೇ ಆಗಾಗ ಎಕ್ಸ್‌ರೇ ತೆಗೆಸಿ ನೋಡುತ್ತಿರಬೇಕು ಅಂದರು. ನಮಗೆ ಅದನ್ನು ಮೊದಲು ಯಾರೂ ಹೇಳಿರಲಿಲ್ಲ. ನಿಮ್ಮ ಮಗಳಿಗೆ ಸೊಂಟದ ಎಕ್ಸ್‌ರೇ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಸ್ಟ್ರಾಲರ್ ಎರಡನೆಯದು.

ಈಗ ಇರುವುದು ಇಡೀ ಸೀಟೇ ಹಿಂದಕ್ಕೆ ವಾಲುವಂಥದ್ದು. ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ಕರೆದುಕೊಂಡು ಹೋಗುತ್ತೇನೆ. ಹೆಜ್ಜಾರ್ಲೆ ನೀರಿಗೆ ಇಳಿದರೆ ಕೂಗುತ್ತಾನೆ, ನಿಲ್ಲಿಸು ಅಂತ ಅರ್ಥ. ಮುಂಚೆ ಅವನಿಗೆ ಆಕಾಶ ಇಲ್ಲಾ ತನ್ನ ಮೊಣಕಾಲು, ಎರಡೇ ಕಾಣುತ್ತಿದ್ದದ್ದು.

ಓಟಿ ಮೇಡಂ, ಹುಬ್ಬಳ್ಳಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಮಕ್ಕಳ ಜೊತೆಗೇ ಕೆಲಸ. ಮಗುವನ್ನು ನೋಡದೆ ಇಂಥದ್ದೇ ತಗೊಳ್ಳಿ ಅಂತ ಹೇಳಲು ಆಗುವುದಿಲ್ಲ, ಹಾಗೆ ಯಾರು ಹೇಳಿದರೂ ನಂಬಬೇಡಿ. ಆದರೆ ಏನು ನೋಡಬೇಕು ಅಂತ ಹೇಳಬಲ್ಲೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ತಂದೆತಾಯಿ ಬಂದ ಕೂಡಲೇ ಕೇಳುವುದು ಗಾಲಿ, ಮಡಚುವುದು, ಬಣ್ಣ. ನಾನು ಮೊದಲು ನೋಡುವುದು ಸೊಂಟ. ಕೂತಾಗ ಸೊಂಟ ಸೀಟಿನ ಹಿಂಭಾಗಕ್ಕೆ ಪೂರ್ತಿ ತಾಗಿರಬೇಕು, ಎರಡೂ ಕಡೆ ಸಮ ಇರಬೇಕು. ಸೊಂಟ ನಿಂತರೆ ಬೆನ್ನು ನಿಲ್ಲುತ್ತದೆ, ಬೆನ್ನು ನಿಂತರೆ ಕುತ್ತಿಗೆಗೆ ಕೆಲಸ ಹಗುರ. ತಲೆ ವಾಲುತ್ತದೆ ಅಂತ ತುಂಬಾ ಜನ ತಲೆಗೆ ದಿಂಬು, ಪಟ್ಟಿ ಹುಡುಕುತ್ತಾರೆ. ಎಷ್ಟೋ ಮಕ್ಕಳಲ್ಲಿ ತಪ್ಪು ಇರುವುದು ಕೆಳಗೆ, ಸೀಟಿನಲ್ಲಿ. ನಿಮ್ಮ ಮಗಳು ಎಡಕ್ಕೆ ವಾಲುತ್ತಾಳೆ ಅಂದಿರಲ್ಲ, ಸೊಂಟ ಸರಿಯಾಗಿ ಕೂರಿಸಿ, ಎದೆಯ ಎರಡೂ ಪಕ್ಕಕ್ಕೆ ಆನಿಕೆ ಕೊಟ್ಟು ನೋಡಿ, ಹತ್ತು ನಿಮಿಷ ಇಪ್ಪತ್ತಾಗಬಹುದು.

ಹಾಗಾಗಿ ಸೀಟು ಗಟ್ಟಿ ಇರಬೇಕು, ಕೆಳಗೆ ಹಲಗೆ, ಮೇಲೆ ಫೋಮ್. ಬೆಲ್ಟು ಹೊಟ್ಟೆಯ ಮೇಲೆ ಬರಲೇಬಾರದು. ತೊಡೆ ಮತ್ತು ಸೊಂಟ ಸೇರುವ ಮಡಿಕೆಯಲ್ಲಿ ಕೂತು, ಸೀಟಿನ ಹಿಂದಿನ ಮೂಲೆಯ ಕಡೆಗೆ ಕೆಳಮುಖವಾಗಿ, ಸುಮಾರು 45 ಡಿಗ್ರಿ ಓರೆಯಲ್ಲಿ ಎಳೆಯಬೇಕು. ನಿಮ್ಮ ಮಗಳ ಹೊಟ್ಟೆಯ ಮೇಲಿನ ಗುರುತು ನೋಡಿದರೆ ಅವಳು ಜಾರಿದಾಗ ಬೆಲ್ಟು ಮೇಲೇರಿದೆ. ಅದು ಅಪಾಯ, ಇನ್ನೂ ಮೇಲೇರಿದರೆ ಎದೆ, ಆಮೇಲೆ ಕುತ್ತಿಗೆ. ಹೊಸದು ಬರುವವರೆಗೆ ಆ ಸ್ಟ್ರಾಲರ್‌ನಲ್ಲಿ ಕೂರಿಸಿ ಒಬ್ಬಳನ್ನೇ ಬಿಟ್ಟು ಒಳಗೆ ಹೋಗಬೇಡಿ, ಒಂದು ನಿಮಿಷಕ್ಕೂ ಬೇಡ. ಮೊಣಕಾಲುಗಳ ಮಧ್ಯೆ ಇಡುವ ಉಬ್ಬಿದ ದಿಂಬು ಇರುತ್ತದೆ, ಅದು ಕಾಲು ಕತ್ತರಿ ಆಗದ ಹಾಗೆ ನೋಡಿಕೊಳ್ಳಲು. ಜಾರುವುದನ್ನು ತಡೆಯಲು ಅಲ್ಲ. ಅದು ತೊಡೆಸಂದಿಗೆ ಒತ್ತುತ್ತಿದ್ದರೆ ಸೀಟೇ ಸರಿ ಇಲ್ಲ.

ಮೈಸೂರಿನವರು ಹೇಳಿದ ವ್ಯತ್ಯಾಸವನ್ನು ಅಂಗಡಿಯವರೂ ಕೆಲವು ಸಲ ಬೆರೆಸಿ ಹೇಳುತ್ತಾರೆ. ರಿಕ್ಲೈನ್ ಅಂದರೆ ಬೆನ್ನು ಮಾತ್ರ ಹಿಂದಕ್ಕೆ ಹೋಗುವುದು. ಸೊಂಟದ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಗಿ ಇರುವ ಮಗು ಸೆಟೆದು ಜಾರುತ್ತದೆ. ಟಿಲ್ಟ್ ಅಂದರೆ ಕೂತ ಭಂಗಿ ಹಾಗೇ ಇದ್ದು ಸೀಟು, ಬೆನ್ನು ಎರಡೂ ಒಟ್ಟಿಗೆ ವಾಲುವುದು. ಕುತ್ತಿಗೆ ಪೂರ್ತಿ ನಿಲ್ಲದ ನಿಮ್ಮ ಮಗಳಂಥವರಿಗೆ ಟಿಲ್ಟ್ ಬೇಕು. ಆದರೆ ಸುಮ್ನೆ ಇಡೀ ದಿನ ವಾಲಿಸಿಯೇ ಇಡಬೇಡಿ. ಸುಸ್ತಾದಾಗ ವಾಲಿಸಿ, ಚೇತರಿಸಿಕೊಂಡಾಗ ನೇರ ಮಾಡಿ. ಊಟ, ನೀರು ಕೊಡುವಾಗ ಹಿಂದಕ್ಕೆ ವಾಲಿಸಬಾರದು, ಶ್ವಾಸಕ್ಕೆ ಹೋಗಬಹುದು. ನಿಮ್ಮ ಥೆರಪಿಸ್ಟ್ ಹತ್ತಿರ ಅವಳಿಗೆ ಊಟಕ್ಕೆ ಯಾವ ಭಂಗಿ ಅಂತ ಕೇಳಿ ಗುರುತು ಮಾಡಿಕೊಳ್ಳಿ.

ಅಳತೆ ಮನೆಯಲ್ಲೇ ತೆಗೆಯಬಹುದು. ದರ್ಜಿ ಟೇಪು, ಎರಡು ದಪ್ಪ ಪುಸ್ತಕ, ಒಂದು ಗಟ್ಟಿ ಬೆಂಚು ಸಾಕು. ಮಗುವನ್ನು ಬೆಂಚಿನ ಮೇಲೆ ಕೂರಿಸಿ ಒಬ್ಬರು ಹಿಂದಿನಿಂದ ಹಿಡಿದುಕೊಳ್ಳಿ. ಸೊಂಟದ ಎರಡೂ ಪಕ್ಕಕ್ಕೆ ಪುಸ್ತಕ ನಿಲ್ಲಿಸಿ, ಪುಸ್ತಕದಿಂದ ಪುಸ್ತಕಕ್ಕೆ ಅಳೆಯಿರಿ, ಅದಕ್ಕೆ ಸುಮಾರು 2 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ಆಮೇಲೆ ಸೊಂಟದ ಹಿಂಭಾಗದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ, ಅದರಲ್ಲಿ 2-3 ಸೆಂ.ಮೀ. ಕಳೆದರೆ ಸೀಟಿನ ಆಳ. ಈ ಆಳದಲ್ಲೇ ಎಲ್ಲರೂ ಎಡವುವುದು. ಆಳ ಜಾಸ್ತಿ ಆದರೆ ಸೀಟಿನ ಅಂಚು ಮೊಣಕಾಲಿಗೆ ಒತ್ತಿ, ಮಗು ತಾನೇ ಮುಂದಕ್ಕೆ ಸರಿಯುತ್ತದೆ. ಎಷ್ಟೇ ಬೆಲ್ಟು ಹಾಕಿದರೂ ನಿಲ್ಲುವುದಿಲ್ಲ. ಮೊಣಕಾಲಿನಿಂದ ಹಿಮ್ಮಡಿವರೆಗಿನ ಅಳತೆ ತೆಗೆಯುವಾಗ ಸ್ಪ್ಲಿಂಟ್ (ಕಾಲಿಗೆ ಹಾಕುವ ಆಸರೆ), ಶೂ ಹಾಕಿಯೇ ತೆಗೆಯಿರಿ. ಪಾದ ಗಾಳಿಯಲ್ಲಿ ತೂಗಾಡಬಾರದು. ಎಡ ಬಲ ಎರಡೂ ಅಳೆಯಿರಿ, ಸೊಂಟ ಜಾರಿದ್ದರೆ ಎರಡು ಕಡೆ ವ್ಯತ್ಯಾಸ ಬರುತ್ತದೆ.

ಬೆಳೆಯುವ ಮಗು ಅಂತ ಯೂನಿಫಾರ್ಮ್ ದೊಡ್ಡದು ಹೊಲಿಸಿದ ಹಾಗೆ ಸ್ಟ್ರಾಲರ್ ದೊಡ್ಡದು ತಗೋಬೇಡಿ. ಆಳ, ಅಗಲ, ಪಾದದ ಹಲಗೆ ಹಿಂದೆ ಮುಂದೆ ಮಾಡಲು ಬರುವಂಥದ್ದು ತಗೊಳ್ಳಿ, ಎರಡು ಮೂರು ವರ್ಷ ಬರುತ್ತದೆ.

ನಿಮ್ಮ ಅತ್ತೆಯವರಿಗೆ ಹೇಳಿ, ಇದರಲ್ಲಿ ಕೂತ ಕಾರಣಕ್ಕೆ ಯಾವ ಮಗುವಿನ ನಡಿಗೆಯೂ ನಿಂತಿಲ್ಲ. ಥೆರಪಿ ಥೆರಪಿಯ ಪಾಡಿಗೆ ನಡೆಯಲಿ. ನೆಟ್ಟಗೆ ಕೂತಾಗಲೇ ಮಗುವಿನ ಕೈ ಮುಂದೆ ಬರುವುದು, ಕಣ್ಣು ಎದುರಿಗೆ ನೋಡುವುದು. ಇನ್ನೊಂದು ಮಾತು, ಇದು ಓದುತ್ತಿರುವ ಬೇರೆಯವರಿಗೆ: ನಿಮ್ಮ ಮಗು ಕೈಯಿಂದ ಗಾಲಿ ತಳ್ಳಬಲ್ಲದು ಅಂತಾದರೆ ಸ್ಟ್ರಾಲರ್ ಬೇಡ, ವೀಲ್‌ಚೇರ್ ಕೊಡಿಸಿ. ಸ್ಟ್ರಾಲರ್ ತಳ್ಳುವವರ ಕೈಯಲ್ಲಿರುತ್ತದೆ. ತಾನೇ ಹೋಗಬಲ್ಲ ಮಗುವಿಗೆ ಆ ಅವಕಾಶ ತಪ್ಪಿಸಬಾರದು.

ದುರ್ಗದ ಅಮ್ಮ

ಓಟಿ ಮೇಡಂ, ನಿಮಗೆ ಹೇಗೆ ಧನ್ಯವಾದ ಹೇಳಲಿ. ರಾತ್ರಿಯೇ ಯಜಮಾನರು ಹಿಡಿದುಕೊಂಡರು, ನಾನು ಅಳೆದೆ. ಸೊಂಟದ ಅಗಲ 22 ಸೆಂ.ಮೀ., ಮೊಣಕಾಲಿನ ಹಿಂದಿನವರೆಗೆ 28, ಸ್ಪ್ಲಿಂಟ್ ಹಾಕಿ ಹಿಮ್ಮಡಿವರೆಗೆ 26. ಎರಡೂ ಕಡೆ ಒಂದೇ ಬಂತು. ಈಗಿನ ಸ್ಟ್ರಾಲರ್ ಸೀಟು ಅಳೆದರೆ ಆಳ 20 ಇದೆ, ಅದೂ ಜೋತುಬಿದ್ದಿದೆ, ಪಾದಕ್ಕೆ ಆನಿಕೆಯೇ ಇಲ್ಲ. ಎಕ್ಸ್‌ರೇ ಎರಡು ವರ್ಷದ ಹಿಂದೆ ಆಗಿತ್ತು, ಮುಂದಿನ ವಾರ ಮತ್ತೆ ತೆಗೆಸುತ್ತೇವೆ.

ಸರ್ಕಾರದಿಂದ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ, ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಡೆ ಕಳಿಸಿದರು, ಅಲ್ಲಿಂದ ಮತ್ತೆ ಮೊದಲಿನ ಕಡೆಗೆ. ಯು.ಡಿ.ಐ.ಡಿ. ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದೆ, 80 ಪರ್ಸೆಂಟ್. ಆ ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಹೇಳಿ ಪ್ಲೀಸ್.

ಪಂಚಾಯ್ತಿ ಕಾರ್ಯಕರ್ತ, ಕೊಪ್ಪಳ

ಅಕ್ಕಾ, ನಾನು ಗ್ರಾಮ ಪಂಚಾಯ್ತಿಯಲ್ಲಿ ವಿ.ಆರ್.ಡಬ್ಲ್ಯು., ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನನಗೂ ಒಂದು ಕಾಲಿಗೆ ಪೋಲಿಯೋ. ಕಚೇರಿ ಸುತ್ತುವ ಕಷ್ಟ ಗೊತ್ತು, ಅದಕ್ಕೆ ನೇರವಾಗಿ ಹೇಳುತ್ತೇನೆ.

ಕೇಂದ್ರದ ಯೋಜನೆಗೆ ಅಡಿಪ್ ಅಂತ ಹೆಸರು. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರಬೇಕು, ನಿಮಗೆ ಅದು ಇದೆ. ಮನೆಯ ಆದಾಯ ತಿಂಗಳಿಗೆ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಗೊಳ್ಳಿ. ಒಂದು ಸಲ ಸಾಧನ ತಗೊಂಡರೆ ಅದನ್ನೇ ಮತ್ತೆ ಕೇಳಲು ದೊಡ್ಡವರು ಮೂರು ವರ್ಷ ಕಾಯಬೇಕು, ಆದರೆ 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ. ಮಕ್ಕಳು ಬೆಳೆಯುತ್ತಾರೆ ಅಂತಲೇ ಹಾಗೆ ಇಟ್ಟಿದ್ದಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಚಿಕ್ಕದಾದ ಕುರ್ಚಿಯಲ್ಲೇ ಮಗುವನ್ನು ಮಡಚಿ ಕೂರಿಸುತ್ತಾರೆ.

ಸಾಧನ ಬರುವುದು ಜಾಸ್ತಿ ಕಾನ್ಪುರದ ಅಲಿಮ್ಕೋದಿಂದ, ಅದು ಇಂಥ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಕಂಪನಿ, ಅವರದೊಂದು ಘಟಕ ಬೆಂಗಳೂರಿನಲ್ಲೂ ಇದೆ. ಶಾಲೆಗೆ ಸೇರಿಸುತ್ತೇನೆ ಅಂದಿರಲ್ಲ, ಸೇರಿಸಿದ ಮೇಲೆ ನಿಮ್ಮ ಬಿ.ಆರ್.ಸಿ.ಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ. ಅಂತ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರಿಗೆ ಹೇಳಿ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಶಾಲಾ ಯೋಜನೆಯ ತಪಾಸಣಾ ಶಿಬಿರದಲ್ಲಿ ಮಗುವಿನ ಹೆಸರು ಬರೆಸುತ್ತಾರೆ. ನಗರದಲ್ಲಿ ನಗರಸಭೆ, ಹಳ್ಳಿಯಲ್ಲಿ ಪಂಚಾಯ್ತಿ, ಎರಡೂ ಕಡೆ ಅಂಗವಿಕಲರಿಗೆ ಅಂತ ಶೇ. 5 ಹಣ ಮೀಸಲು ಇದೆ. ಅರ್ಜಿಯನ್ನು ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ನಿಮಗೆ ಹತ್ತಿರ ಅಂದರೆ ದಾವಣಗೆರೆಯಲ್ಲಿ ಸಿ.ಆರ್.ಸಿ. ಇದೆ, ಅಂಗವಿಕಲರ ಪುನರ್ವಸತಿ ಕೇಂದ್ರ, ಕೇಂದ್ರ ಸರ್ಕಾರದ್ದು, ಅಲ್ಲಿ ಒಂದೇ ಸೂರಿನಡಿ ತೋರಿಸಬಹುದು.

ಒಂದು ಮಾತು ಮುಚ್ಚಿಡುವುದಿಲ್ಲ. ಶಿಬಿರದಲ್ಲಿ ಕೊಡುವ ಸಿ.ಪಿ. ಚೇರ್ ಮನೆಯಲ್ಲಿ, ತರಗತಿಯಲ್ಲಿ ಕೂರಿಸಲು ಒಳ್ಳೆಯದು. ರಸ್ತೆಗೆ, ಆಟೋಗೆ ಅದು ಒಗ್ಗುವುದಿಲ್ಲ. ಆದರೂ ಬಿಡಬೇಡಿ. ಅದು ಶಾಲೆಯಲ್ಲೇ ಇರಲಿ, ಓಡಾಟಕ್ಕೆ ನೀವು ತಗೊಳ್ಳುವುದು ಬೇರೆ ಇರಲಿ. ಎರಡೂ ಕೆಲಸ ಒಂದೇ ಕುರ್ಚಿಯಿಂದ ಆಗುವುದಿಲ್ಲ ಅಕ್ಕಾ.

ಥೇಮ್ಸ್ ದಂಡೆ ಕನ್ನಡತಿ

ನಾವು ಇಂಗ್ಲೆಂಡಿನಲ್ಲಿ ಇದ್ದೇವೆ, ಊರು ಹಾಸನ. ಮಗಳಿಗೆ ಏಳು ವರ್ಷ, ಅವಳಿಗೂ ಸಿ.ಪಿ. ಇಲ್ಲಿ ಇಂಥ ಸ್ಟ್ರಾಲರ್‌ಗೆ ಬಗ್ಗಿ ಅನ್ನುತ್ತಾರೆ. ಎನ್.ಎಚ್.ಎಸ್., ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ವೀಲ್‌ಚೇರ್ ವಿಭಾಗದವರು ಅಳತೆ ತೆಗೆದು ಕೊಡುತ್ತಾರೆ, ಆದರೆ ಸರದಿ ಉದ್ದ. ನಮಗೆ ತಿಂಗಳುಗಟ್ಟಲೆ ಆಯಿತು, ಅಷ್ಟರಲ್ಲಿ ಅವಳು ಬೆಳೆದು ಮತ್ತೆ ಅಳೆದರು.

ಹೊರದೇಶದ್ದು ನೋಡುತ್ತಿದ್ದರೆ ಹೆಸರುಗಳಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಮ್ಯಾಕ್ಲಾರೆನ್ ಮೇಜರ್ ಅಂತ ಒಂದು ಬರುತ್ತದೆ, ಛತ್ರಿ ಹಾಗೆ ಮಡಚುತ್ತದೆ, ಹಗುರ, 50 ಕೆ.ಜಿ.ವರೆಗೆ ತಡೆಯುತ್ತದೆ. ಆದರೆ ಅದು ಕೂರಲು ಬರುವ, ಬೇಗ ಸುಸ್ತಾಗುವ ಮಕ್ಕಳಿಗೆ. ಬಟ್ಟೆ ಸೀಟು, ನಿಮ್ಮ ಮಗಳಿಗೆ ಆಗುವುದಿಲ್ಲ. ಕಾನ್‌ವೇಯ್ಡ್, ಆಟೋಬಾಕ್‌ನ ಕಿಂಬಾ, ಆರ್82 ಸ್ಟಿಂಗ್‌ರೇ, ಇವು ಭಂಗಿ ನೋಡಿ ಮಾಡಿದವು, ಒಂದೊಂದರಲ್ಲೂ ಅಳತೆ, ಆನಿಕೆ ಬೇರೆ ಬೇರೆ. ಸ್ಟಿಂಗ್‌ರೇಯಲ್ಲಿ ಸೀಟು ತಿರುಗಿಸಿ ಮಗುವಿನ ಮುಖ ನಮ್ಮ ಕಡೆ ಮಾಡಬಹುದು. ಫಿಟ್ಸ್ ಇರುವ ಮಕ್ಕಳ ತಾಯಂದಿರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ನಾನು ಹೇಳಬೇಕಿಲ್ಲ. ಆದರೆ ಇವೆಲ್ಲ ಭಾರ. ಮೊದಲ ಮಹಡಿಗೆ ಮಗುವನ್ನೂ ಅದನ್ನೂ ಒಟ್ಟಿಗೆ ಹತ್ತಿಸುವ ಮಾತೇ ಇಲ್ಲ.

ಕಾರು, ಆಟೋದಲ್ಲಿ ಹೋಗುವಾಗ ಮಗುವನ್ನು ಸ್ಟ್ರಾಲರ್‌ನಲ್ಲೇ ಕೂರಿಸಿ ಏರಿಸಬೇಡಿ. ಐ.ಎಸ್.ಒ. 7176-19 ಅಂತ ಒಂದು ಪರೀಕ್ಷೆ ಇದೆ, ಡಿಕ್ಕಿ ಆದರೆ ಕುರ್ಚಿ ತಡೆಯುತ್ತದಾ ಅಂತ ನೋಡುವುದು. ಅದು ಪಾಸಾಗಿ, ವಾಹನದಲ್ಲಿ ನಾಲ್ಕು ಕಡೆ ಪಟ್ಟಿ ಬಿಗಿಯಲು ವ್ಯವಸ್ಥೆ ಇದ್ದರೆ ಮಾತ್ರ. ಇಲ್ಲದಿದ್ದರೆ ಮಡಚಿ ಬೇರೆ ಇಡಿ.

ಬಸ್ಸಿನಲ್ಲಿ ನನಗೆ ಆದದ್ದು ಹೇಳುತ್ತೇನೆ. ನೋಡಿದವರಿಗೆ ಇದು ಮಾಮೂಲಿ ಮಕ್ಕಳ ಗಾಡಿ ಹಾಗೇ ಕಾಣುತ್ತದೆ. ಇಷ್ಟು ದೊಡ್ಡ ಹುಡುಗಿ, ಇಳಿಸಿ ಗಾಡಿ ಮಡಚಬಾರದಾ ಅಂತ ಒಬ್ಬರು ಜೋರು ಮಾಡಿದರು. ಬಸ್ಸಿನಲ್ಲಿ ವೀಲ್‌ಚೇರ್ ಜಾಗಕ್ಕೆ ಯಾರಿಗೆ ಮೊದಲ ಹಕ್ಕು ಅಂತ ಇಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಕೇಸು ಹೋಗಿತ್ತು. ಅಲ್ಲಿ ಇರುವವರಿಗೆ ಜಾಗ ಬಿಡಿ ಅಂತ ಡ್ರೈವರ್ ಒಂದು ಸಲ ಕೇಳಿ ಸುಮ್ಮನಾದರೆ ಸಾಲದು ಅಂತ 2017ರಲ್ಲಿ ತೀರ್ಪು ಬಂತು. ಅದೆಲ್ಲ ಇದ್ದರೂ ನಮ್ಮದು ವೀಲ್‌ಚೇರ್ ಅಂತ ಎದುರಿನವರಿಗೆ ಗೊತ್ತಾಗಬೇಕಲ್ಲ. ಹಿಡಿಕೆಗೆ "ಇದು ನನ್ನ ವೀಲ್‌ಚೇರ್" ಅಂತ ಬರೆದ ಚೀಟಿ ಕಟ್ಟಿದ್ದೇನೆ, ಅವತ್ತಿನಿಂದ ವಾದ ಕಡಿಮೆ. ನೀವು ಕನ್ನಡದಲ್ಲಿ ಬರೆದು ಕಟ್ಟಿ.

ಬೆಂಗಳೂರಿಗೆ ವಿಮಾನದಲ್ಲಿ ಬರುವಾಗ ಇದಕ್ಕೆ ಲಗೇಜು ದುಡ್ಡು ಇಲ್ಲ, ಸಾಧನ ಅಂತ ಉಚಿತ. 48 ಗಂಟೆ ಮುಂಚೆ ತಿಳಿಸಿ, ವಿಮಾನದ ಬಾಗಿಲವರೆಗೂ ಅದರಲ್ಲೇ ಕರೆದುಕೊಂಡು ಹೋಗುತ್ತೇನೆ ಅಂತ ಕೇಳಿ. ಕೊಡುವ ಮುಂಚೆ ನಾಲ್ಕೂ ಕಡೆ ಫೋಟೋ ತೆಗೆದು, ಬಿಚ್ಚಲು ಬರುವ ದಿಂಬುಗಳನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ನಮ್ಮ ತಲೆದಿಂಬು ಒಂದು ಸಲ ಕಳೆದೇಹೋಯಿತು.

ಮಲೆನಾಡ ತಾಯಿ, ಶಿವಮೊಗ್ಗ

ನನ್ನ ಮಗನಿಗೆ ಆಟಿಸಂ, ನಡೆಯುತ್ತಾನೆ, ಓಡುತ್ತಾನೆ. ಆದರೂ ಸ್ಟ್ರಾಲರ್ ಇಟ್ಟಿದ್ದೇವೆ. ಜನ ಗಲಾಟೆ ಜಾಸ್ತಿ ಆದರೆ ಅವನಿಗೆ ತಡೆಯುವುದಿಲ್ಲ, ರಸ್ತೆಗೇ ನುಗ್ಗುತ್ತಾನೆ. ಆಸ್ಪತ್ರೆ, ಜಾತ್ರೆಗೆ ಅದು ಅವನ ಗೂಡು ಇದ್ದ ಹಾಗೆ, ಮುಂದಿನ ನೆರಳು ಪೂರ್ತಿ ಎಳೆದುಕೊಂಡು ಒಳಗೆ ಕೂರುತ್ತಾನೆ. ನಡೆಯುವ ಮಗುವನ್ನು ಯಾಕೆ ಕಟ್ಟಿಹಾಕುತ್ತೀರಿ ಅಂತ ಕೇಳಿದವರು ತುಂಬಾ ಜನ. ನಾನು ಕಟ್ಟಿಹಾಕುತ್ತಿಲ್ಲ, ಅವನೇ ಹೋಗಿ ಕೂರುವುದು. ನಮ್ಮಂಥವರಿಗೆ ಟಿಲ್ಟ್ ಗಿಲ್ಟ್ ಬೇಡ, ತೂಕ ತಡೆದರೆ ಸಾಕು, ಬ್ರೇಕು ಗಟ್ಟಿ ಇರಬೇಕು, ಒಳಗೆ ಕುಲುಕಿದರೂ ಮಗುಚಬಾರದು. ದುರ್ಗದ ಅಮ್ಮ, ಜನರ ಮಾತಿಗೆ ಕಿವಿ ಕೊಡಬೇಡಿ.

ಸೈಕಲ್ ಶಾಪ್, ತುಮಕೂರು

ನಂದು ಸೈಕಲ್ ರಿಪೇರಿ ಅಂಗಡಿ, ಹತ್ತಿರದ ವಿಶೇಷ ಶಾಲೆಯ ಕುರ್ಚಿಗಳು ನನ್ನ ಹತ್ತಿರವೇ ಬರುತ್ತವೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಏನು ನೋಡಬೇಕು ಅಂತ ನಾನು ಹೇಳುತ್ತೇನೆ.

ಖಾಲಿ ಇದ್ದಾಗ ತಳ್ಳಿ ನೋಡಬೇಡಿ, ಮಗುವಿನಷ್ಟು ತೂಕ ಇಟ್ಟು ತಳ್ಳಿ. ಕೈ ಬಿಟ್ಟರೆ ಒಂದು ಕಡೆಗೆ ಎಳೆಯುತ್ತಿದ್ದರೆ ಫ್ರೇಮ್ ಬಾಗಿದೆ ಅಥವಾ ಮುಂದಿನ ಗಾಲಿಯ ಬೇರಿಂಗ್ ಹೋಗಿದೆ. ಬೇರಿಂಗ್ ಆದರೆ ಹಾಕಬಹುದು, ಫ್ರೇಮ್ ಬಾಗಿದ್ದರೆ ಬಿಟ್ಟುಬಿಡಿ. ಅಲ್ಯೂಮಿನಿಯಂ ಫ್ರೇಮಿಗೆ ಬೀದಿ ವೆಲ್ಡಿಂಗ್ ಮಾಡಿಸಬೇಡಿ, ಇನ್ನೊಂದು ದಿನ ಅದೇ ಜಾಗದಲ್ಲಿ ಮುರಿಯುತ್ತದೆ. ಮಡಚುವ ಕೀಲುಗಳಲ್ಲಿ ಸಣ್ಣ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಇಳಿಜಾರಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ ನೋಡಿ.

ಹಿಂದಿನ ಗಾಲಿ 12 ಇಂಚಿನದಾದರೆ ಚಿಂತೆ ಇಲ್ಲ, ಚಿಕ್ಕ ಮಕ್ಕಳ ಸೈಕಲ್ಲಿನ ಟೈರು ಟ್ಯೂಬು ಎಷ್ಟೋ ಸಲ ಹೊಂದುತ್ತದೆ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸೈಜು ನೋಡಿಕೊಳ್ಳಿ. ಕಷ್ಟ ಕೊಡುವುದು ಮುಂದಿನ ಸಣ್ಣ ಗಾಲಿ. ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಗಾಲಿ ನಮ್ಮ ರಸ್ತೆಯಲ್ಲಿ, ಚರಂಡಿ ಮೇಲಿನ ಚಪ್ಪಡಿ ಸಂದಿಯಲ್ಲಿ ಸಿಕ್ಕಿಕೊಂಡು ಗಾಡಿಯೇ ಮುಂದಕ್ಕೆ ಬೀಳಲು ನೋಡುತ್ತದೆ. ಅಂಥ ಕಡೆ ತಿರುಗಿ ನಿಂತು ಹಿಂದಿನ ಗಾಲಿ ಮೊದಲು ಮಾಡಿ ಎಳೆದುಕೊಳ್ಳಿ. ಮತ್ತೆ ಹಿಡಿಕೆಗೆ ಭಾರದ ಚೀಲ ತಗಲಿಸಬೇಡಿ, ಮಗುವನ್ನು ಎತ್ತಿಕೊಂಡ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ.

ದುರ್ಗದ ಅಮ್ಮ

ಎರಡು ತಿಂಗಳಾಯಿತು ಬರೆಯದೆ, ಕ್ಷಮಿಸಿ. ಆದದ್ದೆಲ್ಲ ಹೇಳುತ್ತೇನೆ.

ಎಕ್ಸ್‌ರೇ ಆಯಿತು. ಸೊಂಟ ಸದ್ಯಕ್ಕೆ ಸರಿ ಇದೆ, ಮುಂದಿನ ವರ್ಷ ಮತ್ತೆ ನೋಡೋಣ ಅಂದರು. ಮೈಸೂರಿನ ಅಣ್ಣನವರಿಗೆ ಇದಕ್ಕೆ ವಿಶೇಷವಾಗಿ ಧನ್ಯವಾದ.

ಬೆಂಗಳೂರಿಗೆ ಹೋಗಿ ಆ 40 ಸಾವಿರದ ಸ್ಟ್ರಾಲರ್ ನೋಡಿದೆವು. ತುಂಬಾ ಒಳ್ಳೆಯ ಜನ, ಮಗುವನ್ನು ಕೂರಿಸಿ ಎಷ್ಟು ಹೊತ್ತಾದರೂ ನೋಡಿ ಅಂದರು, ಕಾಫಿ ಕೊಟ್ಟರು. ಗಾಡಿ ಹೊಸದರ ಹಾಗೇ ಇತ್ತು. ಆದರೆ ಸೀಟಿನ ಆಳ ಎಷ್ಟು ಕಡಿಮೆ ಮಾಡಿದರೂ 32ಕ್ಕೆ ನಿಂತಿತು, ನಮಗೆ ಬೇಕಾದದ್ದು 26. ಕೂರಿಸಿ ಐದು ನಿಮಿಷಕ್ಕೆ ಮೊಣಕಾಲಿಗೆ ಅಂಚು ತಾಗಿ ಮುಂದಕ್ಕೆ ಬಂದೇಬಿಟ್ಟಳು, ಅದೇ ಕಾಲರ್ ಅದೇ ಗಲ್ಲ. ಯಜಮಾನರು ಬೆನ್ನಿಗೆ ದಿಂಬು ಇಟ್ಟರೆ ಆಗುತ್ತದೆ ಅಂದರು. ನಾನು ಬೇಡ ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ನಮ್ಮ ಥೆರಪಿಸ್ಟ್ ಹೇಳಿದ ಕಡೆ, ಅಳತೆ ತೆಗೆದು ಹೊಂದಿಸಿ ಕೊಡುವ ಒಂದು ಸಂಸ್ಥೆಗೆ ಹೋದೆವು. ಇಲ್ಲಿಯೇ ತಯಾರಾದ ಟಿಲ್ಟ್ ಗಾಡಿ, ಚೀಟಿ ಎತ್ತಿ 46 ಸಾವಿರ ಹೊಂದಿಸಿದೆವು. ನೋಡಲು ಆ ಇನ್ನೊಂದರಷ್ಟು ಚಂದ ಇಲ್ಲ. ಗಟ್ಟಿ ಸೀಟು, ಪಕ್ಕಕ್ಕೆ ಆನಿಕೆ, ಪಾದಕ್ಕೆ ಹಲಗೆ. ಎರಡು ಸಲ ಕರೆಸಿ, ಕೂರಿಸಿ, ಬೋಲ್ಟು ಬಿಚ್ಚಿ ಮತ್ತೆ ಹಾಕಿದರು. 17 ಕೆ.ಜಿ. ಇದೆ, ಮೇಲೆ ಹತ್ತಿಸುವುದಿಲ್ಲ. ಕೆಳಗಿನ ಮನೆಯವರು ಮೆಟ್ಟಿಲ ಕೆಳಗೆ ಜಾಗ ಕೊಟ್ಟಿದ್ದಾರೆ, ಚೈನು ಹಾಕಿ ಬೀಗ ಹಾಕುತ್ತೇವೆ. ಆಟೋಗೆ ಸೀಟು ಬೇರೆ, ಗಾಲಿ ಬೇರೆ ಬಿಚ್ಚಿ ಹಿಂದೆ ಇಡಬೇಕು. ನಮ್ಮ ಮಾಮೂಲಿ ಆಟೋದವರು ಈಗ ತಾವೇ ಬಿಚ್ಚಿ ಇಡುತ್ತಾರೆ. ಶಾಲೆಗೆ ಸಿ.ಪಿ. ಚೇರ್ ಬೇಕು ಅಂತ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೇನೆ, ಕೊಪ್ಪಳದ ತಮ್ಮ ಹೇಳಿದ ಹಾಗೆ.

ಮೊದಲನೇ ವಾರ ಅತ್ತೆ ಮುಟ್ಟಲಿಲ್ಲ. ಆಮೇಲೊಂದು ದಿನ ನನಗೆ ಜ್ವರ, ಮೊಮ್ಮಗಳನ್ನು ಅವರೇ ಕರೆದುಕೊಂಡು ಹೋದರು, ಹೂವಿನ ಅಂಗಡಿವರೆಗೆ ಮಾತ್ರ ಅಂತ. ಬರುವುದು ಒಂದು ಗಂಟೆ ಆಯಿತು. ಗಾಬರಿಯಾಗಿ ಕಿಟಕಿಯಿಂದ ನೋಡಿದರೆ ಗಾಡಿಯ ಮೇಲೆ ಮಲ್ಲಿಗೆ ಪೊಟ್ಟಣ, ಬಾಳೆಹಣ್ಣು, ಮಗಳು ನೆಟ್ಟಗೆ ಕೂತು ಎದುರು ಬರುವ ಹಸು ನೋಡುತ್ತಿದ್ದಾಳೆ. ಅತ್ತೆ ಹಸುವಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಅವಳ ಜೊತೆ ಏನೋ ಮಾತಾಡುತ್ತಿದ್ದರು. ಮೇಲೆ ಬಂದ ಮೇಲೆ, ಒಂದು ಸಲವೂ ಮೇಲೆಳೆಯಬೇಕಾಗಲಿಲ್ಲ ಕಣೇ ಅಂದರು.

ಓಟಿ ಮೇಡಂ, ಒಂದು ಕೇಳಬೇಕಿತ್ತು. ಎಡಗಡೆ ಎದೆ ಆನಿಕೆ ಕಂಕುಳಿಗೆ ಸ್ವಲ್ಪ ಹತ್ತಿರ ಇದೆ ಅನ್ನಿಸುತ್ತದೆ, ಅರ್ಧ ಗಂಟೆ ಕೂತ ಮೇಲೆ ಅಲ್ಲಿ ತಿಳಿ ಕೆಂಪು ಬರುತ್ತದೆ, ಹತ್ತು ನಿಮಿಷದಲ್ಲಿ ಹೋಗುತ್ತದೆ. ಎರಡು ಬೆರಳು ಕೆಳಗೆ ಇಳಿಸಲಾ? ಬುಧವಾರ ಆ ಸಂಸ್ಥೆಯವರ ಹತ್ತಿರ ಹೋಗುತ್ತಿದ್ದೇವೆ, ಅಷ್ಟರೊಳಗೆ ನೋಡಿದರೆ ಹೇಳಿ.

ಓಟಿ ಮೇಡಂ, ಹುಬ್ಬಳ್ಳಿ

ಹತ್ತು ನಿಮಿಷದಲ್ಲಿ ಹೋಗುತ್ತಿದ್ದರೆ ಗಾಬರಿ ಬೇಡ. ಅರ್ಧ ಗಂಟೆ ಆದರೂ ಹೋಗದಿದ್ದರೆ ಮಾತ್ರ ಕೂರಿಸುವುದು ನಿಲ್ಲಿಸಿ ಫೋನ್ ಮಾಡಿ. ಆನಿಕೆ ಮತ್ತು ಕಂಕುಳ ಮಧ್ಯೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು, ಹೋಗದಿದ್ದರೆ ಇಳಿಸಬೇಕು. ನೀವೇ ಬಿಚ್ಚಬೇಡಿ, ಬುಧವಾರ ಅವರ ಕೈಯಲ್ಲೇ ಮಾಡಿಸಿ, ಅವಳನ್ನು ಕೂರಿಸಿಕೊಂಡೇ. ಅಲ್ಲಿಯವರೆಗೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು.